ಎಂಟೆತ್ತಿನ ಕಮತ, ಇಂಗ್ಲೆಂಡಿನಲ್ಲಿ: ಹಳೆಯ ನೇಗಿಲಳತೆ ಓದುವ ಬಗೆ

ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಹಿರಿಯರ ಹತ್ತಿರ ಒಂದು ಮನೆತನದ ಮಾತು ತೆಗೆಯಿರಿ. ಇಷ್ಟು ಎಕರೆ, ಅಷ್ಟು ಗುಂಟೆ ಅಂತ ಶುರು ಮಾಡುವುದಿಲ್ಲ. "ಎಂಟೆತ್ತಿನ ಕಮತ ರೀ ಅವರದು" ಅನ್ನುತ್ತಾರೆ. ಕೇಳುವವರಿಗೆ ಅಷ್ಟರಲ್ಲೇ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಕೊಟ್ಟಿಗೆ ಎಷ್ಟು ಉದ್ದ ಇರಬೇಕು, ಮನೆಯಲ್ಲಿ ಆಳು ಎಷ್ಟು, ಬಣವೆ ಎಷ್ಟು ಎತ್ತರ, ಹೊಲ ಸುಮಾರು ಎಷ್ಟು.

1086ರಲ್ಲಿ ಇಂಗ್ಲೆಂಡಿನ ಸರ್ಕಾರಿ ಬರಹಗಾರರು ತಮ್ಮ ಊರುಗಳ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದೂ ಹೆಚ್ಚುಕಮ್ಮಿ ಇದೇ ಮಾತು. ಅಲ್ಲೂ ಒಂದು ನೇಗಿಲಿಗೆ ಎಂಟೇ ಎತ್ತು. ಆ ದಾಖಲೆಯ ಹೆಸರು ಡೂಮ್ಸ್‌ಡೇ ಬುಕ್. ಇತಿಹಾಸ ಓದುವವರಿಗೆ, ಅನುವಾದ ಮಾಡುವವರಿಗೆ, ಇಂಗ್ಲೆಂಡಿನಲ್ಲಿ ನೆಲೆಸಿ ತಮ್ಮ ಊರಿನ ಹಳೆಯ ದಾಖಲೆ ತೆಗೆದು ನೋಡುವವರಿಗೆ ಅದರಲ್ಲಿ ಹೈಡ್, ವರ್ಗೇಟ್, ಕ್ಯಾರುಕೇಟ್, ಬೋವೇಟ್ ಅಂತ ಸಾಲು ಸಾಲು ಅಳತೆ ಎದುರಾಗುತ್ತವೆ.

ನಾನು ಮೊದಲ ಸಲ ಓದಿದಾಗ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಒಂದು ಕ್ಯಾರುಕೇಟ್ ಅಂದರೆ 120 ಎಕರೆ ಅಂತ ಒಂದು ಪಟ್ಟಿಯಲ್ಲಿ ಓದಿದೆ. ಕಂಡಲ್ಲೆಲ್ಲ 120ರಿಂದ ಗುಣಿಸುತ್ತಾ ಹೋದೆ. ಕೊನೆಗೆ ನಕ್ಷೆ ತೆಗೆದು ನೋಡಿದರೆ ನನ್ನ ಲೆಕ್ಕದ ಹೊಲ ಊರಿನ ಗಡಿಯನ್ನೇ ದಾಟಿ ಹೋಗಿತ್ತು! ಇವು ನೆಲದ ಅಳತೆ ಆಗುವುದಕ್ಕಿಂತ ಮುಂಚೆ ದುಡಿಮೆಯ ಅಳತೆ. ಅದಕ್ಕೇ ಇಲ್ಲಿ ಕ್ಯಾಲ್ಕುಲೇಟರಿನಿಂದ ಶುರು ಮಾಡುವುದು ಬೇಡ, ಎತ್ತಿನಿಂದ ಶುರು ಮಾಡೋಣ.

1. ಮೊದಲು ಒಂದು ಸಾಲು ಹಿಡಿಯಿರಿ

ಫರ್ಲಾಂಗು ನಮಗೆ ಗೊತ್ತಿರುವ ಪದವೇ. "ಬಸ್ ಸ್ಟ್ಯಾಂಡಿಂದ ಎರಡು ಫರ್ಲಾಂಗು" ಅಂತ ಅಜ್ಜಂದಿರು ಹೇಳುತ್ತಿದ್ದರಲ್ವಾ? ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಸಾಲಿನ ಉದ್ದ. ನೇಗಿಲ ಸಾಲು. ಎತ್ತುಗಳು ಒಂದೇ ದಮ್ಮಿಗೆ ಎಳೆದುಕೊಂಡು ಹೋಗುವ ದೂರ. ಅದು 660 ಅಡಿಗೆ, ಅಂದರೆ ಸುಮಾರು 201 ಮೀಟರಿಗೆ ನಿಂತಿತು.

ಇಷ್ಟು ಉದ್ದ ಯಾಕೆ? ನೇಗಿಲನ್ನು ನೋಡಿದರೆ ಗೊತ್ತಾಗುತ್ತದೆ. ನಮ್ಮ ಮರದ ನೇಗಿಲು ಮಣ್ಣನ್ನು ಸೀಳುತ್ತದೆ. ಒಬ್ಬನೇ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬರಬಹುದು. ಅವರದು ಭಾರೀ ನೇಗಿಲು. ಮುಂದೆ ಮಣ್ಣನ್ನು ನೇರ ಕೊಯ್ಯುವ ಒಂದು ಕಬ್ಬಿಣದ ಕತ್ತಿ, ಅದರ ಹಿಂದೆ ಕುಳ, ಪಕ್ಕಕ್ಕೆ ಮಣ್ಣು ಮಗುಚಿ ಹಾಕುವ ಹಲಗೆ. ಒದ್ದೆಯಾದ ಜೇಡಿಮಣ್ಣಿನಲ್ಲಿ ಇದನ್ನು ಎಳೆಯಲು ಒಂದು ಜೋಡಿ ಸಾಲದು. ನಾಲ್ಕು ಜೋಡಿ ಒಂದರ ಹಿಂದೆ ಒಂದು ಕಟ್ಟಿದರೆ ಆ ಸಾಲಿನ ಉದ್ದವೇ ಒಂದು ಸಣ್ಣ ಮೆರವಣಿಗೆಯಷ್ಟು. ಅದನ್ನು ತಿರುಗಿಸುವುದು ದೊಡ್ಡ ರಗಳೆ. ಹಾಗಾಗಿ ಎಷ್ಟು ದೂರ ನೇರ ಹೋಗಲು ಸಾಧ್ಯವೋ ಅಷ್ಟು ದೂರ ಹೋಗಿ, ಎತ್ತುಗಳಿಗೆ ಉಸಿರು ಬಿಡಲು ಕೊಟ್ಟು, ಆಮೇಲೆ ತಿರುಗಿಸುತ್ತಿದ್ದರು.

ರೋಮನ್ನರ ಕಾಲದ ಹಗುರ ನೇಗಿಲಿನ ಲೆಕ್ಕ ಇದರ ಪಕ್ಕ ಇಟ್ಟು ನೋಡಿ. ಅವರ ಆಕ್ಟಸ್ ಅನ್ನುವ ಅಳತೆಯೂ ಎತ್ತು ಒಂದು ದಮ್ಮಿಗೆ ಎಳೆಯುವ ದೂರವೇ, ಹಾಗಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅದು ಬರೀ 120 ಅಡಿ. ನೇಗಿಲು ಬದಲಾದರೆ ಹೊಲದ ಆಕಾರವೇ ಬದಲಾಗುತ್ತದೆ.

2. ಎಕರೆಯನ್ನು ಚೌಕ ಅಂತ ಊಹಿಸಬೇಡಿ

ಈಗ ಅಗಲ. ಅದಕ್ಕೆ ರಾಡ್ ಅನ್ನುವ ಕೋಲಳತೆ. ಪೋಲ್, ಪರ್ಚ್ ಅಂದರೂ ಇದೇ. ಉದ್ದ ಹದಿನಾರೂವರೆ ಅಡಿ. 40 ರಾಡ್ ಸೇರಿದರೆ ಒಂದು ಫರ್ಲಾಂಗು. 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಅಳತೆಯ ಕಟ್ಟಳೆ ಇದನ್ನು ಸ್ಪಷ್ಟವಾಗಿ ಹೇಳಿತು: ಮೂರು ಬಾರ್ಲಿ ಕಾಳು ಒಂದು ಅಂಗುಲ, 12 ಅಂಗುಲ ಒಂದು ಅಡಿ, 3 ಅಡಿ ಒಂದು ಗಜ, ಐದೂವರೆ ಗಜ ಒಂದು ಪರ್ಚ್, ಉದ್ದ 40 ಪರ್ಚ್ ಅಗಲ 4 ಪರ್ಚ್ ಇದ್ದರೆ ಒಂದು ಎಕರೆ.

ಅಂದರೆ ಎಕರೆ ಹುಟ್ಟಿನಿಂದಲೇ ರಿಬ್ಬನ್ನಿನಂಥ ಪಟ್ಟಿ. 660 ಅಡಿ ಉದ್ದ, 66 ಅಡಿ ಅಗಲ. ಇದು ಕಣ್ಣಿಗೆ ಬರಬೇಕಾದರೆ ಕ್ರಿಕೆಟ್ ಪಿಚ್ ನೆನೆಸಿಕೊಳ್ಳಿ. ಒಂದು ವಿಕೆಟ್ಟಿಂದ ಇನ್ನೊಂದು ವಿಕೆಟ್ಟಿಗೆ 22 ಗಜ, ಅಂದರೆ ಸರಿಯಾಗಿ 66 ಅಡಿ. ಅದೇ ಎಕರೆಯ ಅಗಲ. ಅಂಥ ಹತ್ತು ಪಿಚ್ಚುಗಳ ಉದ್ದ ಎಕರೆಯ ಉದ್ದ.

ಎಕರೆ ಅನ್ನುವ ಪದಕ್ಕೆ ಮೊದಲು ಬರೀ ಹೊಲ ಅಂತ ಅರ್ಥ ಇತ್ತು. ಲ್ಯಾಟಿನ್‌ನ ಅಗೆರ್, ಸಂಸ್ಕೃತದ ಅಜ್ರ ಎರಡೂ ಅದಕ್ಕೆ ದಾಯಾದಿಗಳೇ. ಆಮೇಲೆ ಆ ಹೊಲ ಒಂದು ದಿನದ ಉಳುಮೆ ಆಯಿತು. ಆಮೇಲೆ ಕಾನೂನಿನ ಅಳತೆ ಆಯಿತು.

ಇಲ್ಲಿ ಒಂದು ಕೆಲಸ ಮಾಡಿ. ಮನೆಯಲ್ಲಿ ಸುಮ್ನೆ ಬಿದ್ದಿರುವ ಒಂದು ಹಗ್ಗ ತಗೊಳ್ಳಿ. ಹದಿನಾರೂವರೆ ಅಡಿಗೆ ಒಂದು ಗಂಟು, ಅಲ್ಲಿಂದ ಇನ್ನೊಂದು ಹದಿನಾರೂವರೆ ಅಡಿಗೆ ಇನ್ನೊಂದು ಗಂಟು. ಒಟ್ಟು 33 ಅಡಿ. ಬಯಲಿನಲ್ಲಿ ಆ 33 ಅಡಿಯನ್ನು ನಾಲ್ಕೂ ಬದಿಗೆ ಹಿಡಿದು ಒಂದು ಚೌಕ ಗುರುತು ಮಾಡಿ. ನೀವು ನಿಂತಿರುವುದು ಸರಿಯಾಗಿ ಒಂದು ಗುಂಟೆಯಲ್ಲಿ!

ನಮ್ಮ ಪಹಣಿಯಲ್ಲಿ ಬರುವ ಗುಂಟೆ ಇದೇ. ಎರಡು ರಾಡ್ ಉದ್ದ, ಎರಡು ರಾಡ್ ಅಗಲ, 1,089 ಚದರ ಅಡಿ. ಎಕರೆಯಲ್ಲಿ 160 ಚದರ ರಾಡ್, ಗುಂಟೆಯಲ್ಲಿ 4. ಅದಕ್ಕೇ ಎಕರೆಗೆ 40 ಗುಂಟೆ. 1620ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 66 ಅಡಿಯ ಸರಪಳಿಯನ್ನು ಬಳಕೆಗೆ ತಂದ. ಅದು ಎಕರೆಯ ಅಗಲವೇ. ಅದರ ಅರ್ಧದ, 33 ಅಡಿಯ ಸರಪಳಿಯನ್ನು 16 ಆಣೆಗೆ ಭಾಗ ಮಾಡಿ ನಮ್ಮ ಕಡೆ ಸರ್ವೆ ಮಾಡಿದರು. ಪಹಣಿಯಲ್ಲಿ ಹತ್ತು ಗುಂಟೆ ಅಂತ ಇದ್ದರೆ ಅದು ಇಂಗ್ಲೆಂಡಿನವರು ರೂಡ್ ಅನ್ನುತ್ತಿದ್ದ ಕಾಲು ಎಕರೆ. ಗುಂಟೆ ಅನ್ನುವ ಹೆಸರು ನಮ್ಮದು. ಅದರೊಳಗಿನ ಹದಿನಾರೂವರೆ ಅಡಿ ಕೋಲು ಮಾತ್ರ ಆ ಎತ್ತಿನ ಹೊಲದಿಂದ ಬಂದಿದ್ದು. ಇದು ಮೊದಲ ಸಲ ಹೊಳೆದಾಗ ನಾನು ನಮ್ಮ ಮನೆಯ ಹಳೇ ಪಹಣಿ ತೆಗೆದು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

3. ಒಂದು ದಿನದ ದುಡಿಮೆಯನ್ನು ನಡೆದು ನೋಡಿ

ಸಾಲು ಒಂದು ಅಡಿ ಅಗಲ ಅಂತ ಇಟ್ಟುಕೊಳ್ಳಿ. 66 ಅಡಿ ಅಗಲದ ಪಟ್ಟಿಗೆ 66 ಸಾಲು. ಪ್ರತಿ ಸಾಲು ಒಂದು ಫರ್ಲಾಂಗು. 66 ಫರ್ಲಾಂಗು ಅಂದರೆ 8 ಮೈಲಿಗಿಂತ ಸ್ವಲ್ಪ ಜಾಸ್ತಿ, 13 ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಯಲಹಂಕದ ಕಡೆಗೆ ಹೊರಟರೆ ಹೆಚ್ಚುಕಮ್ಮಿ ಊರು ಮುಟ್ಟುವಷ್ಟು ದೂರ. ಅದನ್ನು ರಸ್ತೆಯಲ್ಲಿ ಅಲ್ಲ, ಕೆದರಿದ ಒದ್ದೆ ಮಣ್ಣಿನಲ್ಲಿ, ನೇಗಿಲ ಹಿಡಿ ಅದುಮಿಕೊಂಡು ನಡೆಯಬೇಕು. ಎಕರೆ ಒಂದು ದಿನದ ಉಳುಮೆ ಅನ್ನುವ ಮಾತಿನ ತೂಕ ಆಗ ಗೊತ್ತಾಗುತ್ತದೆ.

13ನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ವಾಲ್ಟರ್ ಆಫ್ ಹೆನ್ಲಿ ಕೂಡ ಇದೇ ಥರ ಲೆಕ್ಕ ಹಾಕಿ, ಎತ್ತು ದಿನಕ್ಕೆ ಇಷ್ಟು ದೂರ ನಡೆಯಲಾರದೇ ಅಂತ ವಾದ ಮಾಡಿದ್ದಾನೆ. ಒಂದು ನೇಗಿಲು ವರ್ಷಕ್ಕೆ 160ರಿಂದ 180 ಎಕರೆ ಬೇಸಾಯ ನಿಭಾಯಿಸಬೇಕು ಅನ್ನುವುದು ಅವನ ನಿರೀಕ್ಷೆ. ಒಕ್ಕಲಿನಿಂದ ಪೂರ್ತಿ ಕೆಲಸ ತೆಗೆಯಬೇಕು ಅನ್ನುವ ಒಡೆಯನ ಪರವಾದ ಲೆಕ್ಕ ಅದು. ಓದುವಾಗ ಎತ್ತಿನ ಬಗ್ಗೆಯೂ ಹಿಂದೆ ನಡೆಯುವವನ ಬಗ್ಗೆಯೂ ನನಗೆ ಮರುಕ ಆಗುತ್ತದೆ.

ಜರ್ಮನ್ ಮಾತಾಡುವ ಕಡೆ ಇದೇ ಬಗೆಯ ಅಳತೆಗೆ ಮಾರ್ಗನ್ ಅಂತ ಹೆಸರು. ಮಾರ್ಗನ್ ಅಂದರೆ ಬೆಳಗ್ಗೆ. ಒಂದು ಬೆಳಗ್ಗೆಯಲ್ಲಿ ಉಳುವಷ್ಟು ನೆಲ.

4. ಎತ್ತು ಎಣಿಸಿ

ದಿನದ ಲೆಕ್ಕ ಮುಗಿಯಿತು, ಈಗ ವರ್ಷದ್ದು. ಇದರ ಏಣಿ ಬಹಳ ಸುಲಭ.

ಒಂದು ಎತ್ತಿನ ಪಾಲು: ಆಕ್ಸ್‌ಗ್ಯಾಂಗ್, ಲ್ಯಾಟಿನ್‌ನಲ್ಲಿ ಬೋವೇಟ್. ಸುಮಾರು 15 ಎಕರೆ.
ಎರಡು ಎತ್ತಿನ ಪಾಲು: ವರ್ಗೇಟ್, ಯಾರ್ಡ್‌ಲ್ಯಾಂಡ್ ಅಂತಲೂ ಕರೆಯುತ್ತಾರೆ. ಸುಮಾರು 30 ಎಕರೆ.
ಎಂಟು ಎತ್ತಿನ ಪೂರ್ತಿ ನೇಗಿಲು: ಕ್ಯಾರುಕೇಟ್. ಸುಮಾರು 120 ಎಕರೆ.

ಕ್ಯಾರುಕೇಟ್ ಬಂದಿದ್ದು ಕರೂಕಾ, ಅಂದರೆ ಭಾರೀ ನೇಗಿಲು ಅನ್ನುವ ಪದದಿಂದ. ಬೋವೇಟ್‌ನಲ್ಲಿ ಇರುವುದು ಎತ್ತು. ಹೈಡ್ ಕೂಡ ಹೆಚ್ಚಾಗಿ 120 ಎಕರೆ ಅಂತಲೇ ಹೇಳುತ್ತಾರೆ, ನಾಲ್ಕು ವರ್ಗೇಟಿಗೆ ಒಂದು ಹೈಡ್. ಆದರೆ ಅದರ ಮೂಲ ನೇಗಿಲಲ್ಲ, ಮನೆ. ಒಂದು ಕುಟುಂಬ ಬದುಕುವಷ್ಟು ಭೂಮಿ ಅನ್ನುವ ಅರ್ಥದಿಂದ ಶುರುವಾಗಿ ತೆರಿಗೆಯ ಅಳತೆ ಆಯಿತು.

"ಸುಮಾರು" ಅನ್ನುವ ಪದವನ್ನು ಮೂರು ಸಲ ಬೇಕಂತಲೇ ಹಾಕಿದ್ದೇನೆ. ಎರೆ ಹೊಲದ ಎಂಟೆತ್ತು, ಮಸಾರಿ ಹೊಲದ ಎಂಟೆತ್ತು ಒಂದೇ ಅಲ್ಲವಲ್ಲ. ಹಾಗೇ ಅಲ್ಲೂ. ಮಣ್ಣು ಗಟ್ಟಿ ಇದ್ದ ಕಡೆ ಬೋವೇಟ್ ಚಿಕ್ಕದು, ಹಗುರ ಇದ್ದ ಕಡೆ ದೊಡ್ಡದು. ಪಕ್ಕಪಕ್ಕದ ಊರುಗಳಲ್ಲೇ ವ್ಯತ್ಯಾಸ ಸಿಗುತ್ತದೆ. ಎಕರೆಯಲ್ಲಿ ಏರುಪೇರಾದರೂ ಎತ್ತಿನ ಲೆಕ್ಕದಲ್ಲಿ ಅವೆರಡೂ ಒಂದೇ.

5. ಯಾವ ಸೀಮೆ ಅಂತ ನೋಡಿಕೊಳ್ಳಿ

ದಾಖಲೆಯಲ್ಲಿ ಯಾವ ಪದ ಇದೆ ಅನ್ನುವುದೇ ಅದು ಯಾವ ಕಡೆಯದು ಅಂತ ಹೇಳಿಬಿಡುತ್ತದೆ. ಯಾರ್ಕ್‌ಶೈರ್, ಲಿಂಕನ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್, ಡರ್ಬಿಶೈರ್ ಕಡೆ ಕ್ಯಾರುಕೇಟ್ ಮತ್ತು ಬೋವೇಟ್. ಇವು ಡೇನರು, ಅಂದರೆ ಡೆನ್ಮಾರ್ಕ್ ಕಡೆಯವರು, ಬಂದು ನೆಲೆಸಿದ್ದ ಸೀಮೆಗಳು. ದಕ್ಷಿಣಕ್ಕೂ ಪಶ್ಚಿಮಕ್ಕೂ ಬಂದರೆ ಹೈಡ್ ಮತ್ತು ವರ್ಗೇಟ್. ಕೆಂಟ್‌ನಲ್ಲಿ ಮಾತ್ರ ಸುಲುಂಗ್. ಹಳೆಯ ಇಂಗ್ಲಿಷಿನಲ್ಲಿ ನೇಗಿಲಿಗೆ ಸುಲ್ಹ್ ಅನ್ನುತ್ತಿದ್ದರು, ಅದರಿಂದ ಬಂದ ಹೆಸರು. ನಾಲ್ಕು ನೊಗ ಸೇರಿ ಒಂದು ಸುಲುಂಗ್. ನೊಗ ಅನ್ನುವುದೇ ಅಲ್ಲಿ ಒಂದು ಅಳತೆಯ ಹೆಸರು.

ಸ್ಕಾಟ್ಲೆಂಡಿನಲ್ಲಿ ಆಕ್ಸ್‌ಗ್ಯಾಂಗ್‌ಗೆ 13 ಎಕರೆ, ಎಂಟು ಸೇರಿದರೆ ಪ್ಲೋಗೇಟ್, 104 ಎಕರೆ. ಇದು ಅವರ ಎಕರೆ. ಇಂಗ್ಲಿಷ್ ಎಕರೆಗಿಂತ ಕಾಲುಭಾಗಕ್ಕೂ ತುಸು ಜಾಸ್ತಿ ದೊಡ್ಡದು.

6. ಮೂರು ಸಂಖ್ಯೆಗಳನ್ನು ಬೇರೆ ಬೇರೆ ಇಡಿ

ನಾನು ಎಡವಿದ್ದು ಇಲ್ಲೇ. ಡೂಮ್ಸ್‌ಡೇಯ ಒಂದು ನಮೂದಿನಲ್ಲಿ ಸಾಮಾನ್ಯವಾಗಿ ನೇಗಿಲಿಗೆ ಸಂಬಂಧಪಟ್ಟ ಮೂರು ಸಂಖ್ಯೆ ಇರುತ್ತವೆ, ಮೂರೂ ಬೇರೆ ಬೇರೆ ಮಾತು ಹೇಳುತ್ತವೆ. ಕಲಿಯಲಿಕ್ಕೆ ಅಂತ ನಾನೇ ಒಂದು ಊರಿನ ನಮೂದು ಕಟ್ಟಿದ್ದೇನೆ:

"ತೆರಿಗೆಗೆ 6 ಕ್ಯಾರುಕೇಟ್. 8 ನೇಗಿಲಿಗೆ ಆಗುವಷ್ಟು ಭೂಮಿ. ಒಡೆಯನ ಸ್ವಂತದ್ದು 2 ನೇಗಿಲು. 14 ವಿಲ್ಲೇನ್, 4 ಬೋರ್ಡರ್ ಸೇರಿ 5 ನೇಗಿಲು. ಹುಲ್ಲುಗಾವಲು 20 ಎಕರೆ."

ಮೊದಲ ಸಂಖ್ಯೆ ತೆರಿಗೆಯದು. ಇದನ್ನು ಎಕರೆಗೆ ತಿರುಗಿಸಲೇಬೇಡಿ. ಮೇಲಿನಿಂದ ಇಳಿಸಿ ಹಂಚಿದ ತೆರಿಗೆಯ ಪಾಲು ಅದು. ಅದಕ್ಕೇ ಹೈಡ್ ಸೀಮೆಯಲ್ಲಿ 5, 10 ಅಂತ ಐದರ ಲೆಕ್ಕ, ಕ್ಯಾರುಕೇಟ್ ಸೀಮೆಯಲ್ಲಿ 6, 12 ಅಂತ ಆರರ ಲೆಕ್ಕ ಮತ್ತೆ ಮತ್ತೆ ಸಿಗುತ್ತದೆ. ನಿಜವಾದ ಹೊಲ ಅಷ್ಟು ಅಚ್ಚುಕಟ್ಟಾಗಿ ಇರುತ್ತದೆಯೇ?

ಎರಡನೆಯದು, "8 ನೇಗಿಲಿಗೆ ಆಗುವಷ್ಟು ಭೂಮಿ". ಲ್ಯಾಟಿನ್‌ನಲ್ಲಿ "ಟೆರ್ರಾ ಎಸ್ಟ್" ಅಂತ ಶುರುವಾಗುವ ವಾಕ್ಯ. ಈ ಊರಿನ ನೆಲ ಎಷ್ಟು ನೇಗಿಲಿಗೆ ಕೆಲಸ ಕೊಡುತ್ತದೆ ಅನ್ನುವ ಅಂದಾಜು.

ಮೂರನೆಯದು ನಿಜವಾಗಿ ಇರುವ ನೇಗಿಲು. 2 ಮತ್ತು 5, ಒಟ್ಟು 7. ಎಂಟರಿಂದ ಗುಣಿಸಿದರೆ 56 ಎತ್ತು. ಎಂಟು ನೇಗಿಲಿಗೆ ಆಗುವ ಊರಲ್ಲಿ ಏಳೇ ನೇಗಿಲು ಇವೆ. ಒಂದು ನೇಗಿಲಷ್ಟು ಬೇಸಾಯಕ್ಕೆ ಇನ್ನೂ ಜಾಗ ಇದೆ ಅಂತ ಓದಬಹುದು.

ಈಗ ಇನ್ನೂ ಹತ್ತಿರಕ್ಕೆ ಹೋಗಿ. ವಿಲ್ಲೇನ್ ಅಂದರೆ ಒಡೆಯನ ಹಿಡಿತದಲ್ಲಿದ್ದ ಒಕ್ಕಲು, ಬೋರ್ಡರ್ ಅಂದರೆ ತುಂಡು ನೆಲದ ಬಡ ಒಕ್ಕಲು. 18 ಜನರಿಗೆ 5 ನೇಗಿಲು, 40 ಎತ್ತು. ತಲೆಗೆ ಎರಡು ಚಿಲ್ಲರೆ. ಒಬ್ಬೊಬ್ಬರ ಹತ್ತಿರವೂ ಪೂರ್ತಿ ನೇಗಿಲು ಕಟ್ಟುವಷ್ಟು ಎತ್ತು ಇಲ್ಲ. ಹಾಗಿದ್ದರೆ ಹೊಲ ಹೇಗೆ ಉಳುತ್ತಿದ್ದರು? ನಮ್ಮ ಮುಯ್ಯಾಳಿನ ಹಾಗೇ. ಅವನ ಎರಡು, ಇವನ ಎರಡು, ಆಚೆಮನೆಯವನ ನಾಲ್ಕು ಸೇರಿಸಿ ಒಂದು ನೇಗಿಲು ಕಟ್ಟುತ್ತಿದ್ದರು. ಎರಡೆತ್ತಿನ ಒಕ್ಕಲಿಗೆ ಎರಡು ಬೋವೇಟ್, ಅಂದರೆ ಒಂದು ವರ್ಗೇಟ್ ಹೊಲ. ನಾಲ್ಕನೇ ಹಂತದ ಏಣಿಗೆ ಇಲ್ಲಿ ಜೀವ ಬರುತ್ತದೆ.

ಕೊನೆಯ ಹುಲ್ಲುಗಾವಲಿನ ಮಾತನ್ನು ಬಿಡಬೇಡಿ. ಚಳಿಗಾಲದಲ್ಲಿ ಮೇಯಲು ಏನೂ ಇರದ ದೇಶ ಅದು. 56 ಎತ್ತು ಬದುಕಬೇಕಾದರೆ ಒಣಹುಲ್ಲು ಬೇಕೇ ಬೇಕು. ಕೇಂಬ್ರಿಡ್ಜ್‌ಶೈರ್, ಮಿಡ್ಲ್‌ಸೆಕ್ಸ್ ಕಡೆಯ ನಮೂದುಗಳಲ್ಲಿ ಹುಲ್ಲುಗಾವಲನ್ನೂ ಹೆಚ್ಚಾಗಿ ಎಕರೆಯಲ್ಲಿ ಹೇಳುವುದಿಲ್ಲ. "ಎರಡು ನೇಗಿಲಿಗೆ ಆಗುವಷ್ಟು ಹುಲ್ಲು" ಅಂತ ಬರೆಯುತ್ತಾರೆ. ನನಗೆ ಡೂಮ್ಸ್‌ಡೇಯಲ್ಲಿ ಬಹಳ ಇಷ್ಟವಾದ ಸಾಲು ಇದು.

ಚಿತ್ರದಲ್ಲಿ ನೇಗಿಲು ನೋಡಬೇಕು ಅನ್ನಿಸಿದರೆ ಬ್ರಿಟಿಷ್ ಲೈಬ್ರರಿಯಲ್ಲಿರುವ 14ನೇ ಶತಮಾನದ ಲಟ್ರೆಲ್ ಸಾಲ್ಟರ್ ಅನ್ನುವ ಪ್ರಾರ್ಥನಾಗೀತೆಗಳ ಹಸ್ತಪ್ರತಿ ಹುಡುಕಿ. ಅದರ ಅಂಚಿನಲ್ಲಿ ಉಳುಮೆಯ ಚಿತ್ರ ಇದೆ. ಅಲ್ಲಿರುವುದು ಎಂಟಲ್ಲ, ನಾಲ್ಕೇ ಎತ್ತು. ಎಂಟು ಅನ್ನುವುದು ಬರಹಗಾರರ ಲೆಕ್ಕದ ನೇಗಿಲು. ಹೊಲದಲ್ಲಿ ಮಣ್ಣಿಗೆ ತಕ್ಕ ಹಾಗೆ ಹೆಚ್ಚುಕಮ್ಮಿ ಆಗುತ್ತಿತ್ತು.

7. ಗುಣಿಸುವ ಮುಂಚೆ ಎರಡು ಎಚ್ಚರಿಕೆ

ಒಂದು, ಆ ಕಾಲದಲ್ಲಿ ನೂರು ಅಂದರೆ ಕೆಲವು ಸಲ 120. ಆರು ಇಪ್ಪತ್ತು ಸೇರಿದ ದೊಡ್ಡ ನೂರು. ದಾಖಲೆಯಲ್ಲಿ ನೂರು ಎಕರೆ ಅಂತ ಕಂಡರೆ ಯಾವ ನೂರು ಅಂತ ಸುತ್ತಮುತ್ತಲಿನ ಲೆಕ್ಕ ಕೂಡಿಸಿ ತಾಳೆ ನೋಡಿ.

ಎರಡು, ಎಲ್ಲ ಕಡೆ ಕೋಲು ಹದಿನಾರೂವರೆ ಅಡಿ ಇರಲಿಲ್ಲ. ಚೆಶೈರ್‌ನಲ್ಲಿ 24 ಅಡಿ ಕೋಲು. ಆಗ ಅಲ್ಲಿನ ಎಕರೆ ನಮ್ಮ ಎರಡು ಎಕರೆಗಿಂತ ದೊಡ್ಡದಾಗುತ್ತದೆ. ಐರ್ಲೆಂಡಿನಲ್ಲಿ 21 ಅಡಿ ಕೋಲು. ನಮ್ಮ ಶಾಸನಗಳಲ್ಲೂ ಮತ್ತರು ಅನ್ನುವ ಹಳೆಯ ನೆಲದ ಅಳತೆ ಹೇಳಿ ಯಾವ ಗಳೆಯಿಂದ, ಅಂದರೆ ಅಳತೆಗೋಲಿನಿಂದ, ಅಳೆದಿದ್ದು ಅಂತ ಸೇರಿಸುತ್ತಾರಲ್ಲ, ಅದಕ್ಕೂ ಕಾರಣ ಇದೇ. ಗಳೆ ಗೊತ್ತಿಲ್ಲದೆ ಮತ್ತರಿನ ಅಳತೆ ಸಿಗುವುದಿಲ್ಲ, ಕೋಲು ಗೊತ್ತಿಲ್ಲದೆ ಎಕರೆಯ ಅಳತೆಯೂ ಸಿಗುವುದಿಲ್ಲ.

ಇಷ್ಟಾದ ಮೇಲೂ ಎಕರೆ ಬೇಕೇ ಬೇಕು ಅಂದರೆ ಬೋವೇಟಿಗೆ 15 ಇಟ್ಟು ಗುಣಿಸಿ, "ಸುಮಾರು" ಅಂತ ಮುಂದೆ ಸೇರಿಸಿ ಬರೆಯಿರಿ. ಎತ್ತಿನ ಸಂಖ್ಯೆಯನ್ನೂ ಪಕ್ಕದಲ್ಲೇ ಇಡಿ, ಅಳಿಸಬೇಡಿ. ಅನುವಾದ ಮಾಡುವವರಿಗೆ ನನ್ನ ಕೋರಿಕೆ ಇದು. ಬೋವೇಟ್ ಇದ್ದಲ್ಲಿ 15 ಎಕರೆ ಅಂತ ಹಾಕಿಬಿಟ್ಟರೆ ಎತ್ತು ಹೊಲ ಬಿಟ್ಟು ಹೋಗಿಬಿಡುತ್ತದೆ.

8. ಸಾಧ್ಯವಾದರೆ ನೆಲದ ಮೇಲೆ ನೋಡಿ

ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗರಿಗೆ ಇದು ಸುಲಭ. ಮಿಡ್‌ಲ್ಯಾಂಡ್ಸ್ ಕಡೆ, ಲೆಸ್ಟರ್, ನಾರ್ಥಾಂಪ್ಟನ್ ಸುತ್ತಮುತ್ತ, ಕುರಿ ಮೇಯುವ ಹುಲ್ಲುಬಯಲುಗಳಲ್ಲಿ ಅಲೆಅಲೆಯಾದ ಏರುತಗ್ಗು ಕಾಣುತ್ತದೆ. ಅದು ಹಳೆಯ ಉಳುಮೆ. ಹಲಗೆ ಯಾವಾಗಲೂ ಮಣ್ಣನ್ನು ಬಲಕ್ಕೇ ಮಗುಚುತ್ತಿತ್ತು. ಪಟ್ಟಿಯ ಒಂದು ಬದಿ ಹೋಗಿ ಇನ್ನೊಂದು ಬದಿ ಬರುವಾಗ ಮಣ್ಣು ನಡುವಿಗೆ ಬಂದು ಬೀಳುತ್ತಿತ್ತು. ನೂರಾರು ವರ್ಷ ಹಾಗೇ ಉತ್ತಾಗ ನಡುವೆ ದಿಬ್ಬ ಎದ್ದಿತು, ಅಂಚಿನಲ್ಲಿ ತಗ್ಗು ಉಳಿಯಿತು. ಆಮೇಲೆ ಉಳುಮೆ ನಿಂತು ಹುಲ್ಲು ಬೆಳೆದ ಕಡೆ ಅದು ಹಾಗೇ ಕೂತಿದೆ. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಅನ್ನುವ ಊರಲ್ಲಿ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಉಳುವ ಪದ್ಧತಿಯೇ ಇವತ್ತಿಗೂ ಉಳಿದಿದೆ.

ಹೋಗುವುದಾದರೆ ಚಳಿಗಾಲದ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ತಗ್ಗುಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಕಾಣುತ್ತವೆ. ಒಂದು ದಿಬ್ಬದ ಮೇಲೆ ನಿಂತು ಅದರ ಉದ್ದಕ್ಕೂ ಕಣ್ಣು ಹಾಯಿಸಿ. ಅದು ನೇರ ಇರುವುದಿಲ್ಲ. ಆಯಾ ತುದಿಗೆ ಮುಖ ಮಾಡಿ ನೋಡಿದರೆ ಎರಡೂ ತುದಿಯಲ್ಲಿ ಎಡಕ್ಕೆ ಬಾಗಿ, ತಿರುಗಿಸಿ ಬರೆದ ಎಸ್ ಅಕ್ಷರದ ಹಾಗೆ ಕಾಣುತ್ತದೆ. ಸಾಲು ಮುಗಿಯುವ ಮುಂಚೆಯೇ ಮುಂದಿನ ಜೋಡಿ ಎಡಕ್ಕೆ ಹೊರಳಲು ಶುರು ಮಾಡುತ್ತಿತ್ತು. ಉದ್ದನೆಯ ತಂಡ, ಒಂದೇ ಸಲ ತಿರುಗಲು ಆಗುವುದಿಲ್ಲವಲ್ಲ. ಆ ಬಾಗು ಎಲ್ಲಿ ಶುರುವಾಗುತ್ತದೆ ಅಂತ ಗುರುತು ಮಾಡಿಕೊಳ್ಳಿ. ಎತ್ತುಗಳನ್ನು ಹೊಡೆಯುವವನು ಹೋ ಅಂತ ಕೂಗಿ ಅವುಗಳ ತಲೆ ತಿರುಗಿಸಿದ್ದು ಅಲ್ಲೇ.